ಕೂದಲಿಗೂ ಒಂದು ಹದವಿದೆ

ಮಂಡ್ಯ ಸೀಮೆಯ ಕೊಪ್ಪದ ನಮ್ಮ ಮನೆಯ ಹಿತ್ತಿಲ ಸೂರಿನಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿಸಿರುತ್ತದೆ. ತಲೆ ಬಾಚಿದಾಗ ಬಾಚಣಿಗೆಗೆ ಬಂದ ಕೂದಲನ್ನು ಅವ್ವ ಬೆರಳಿಗೆ ಸುತ್ತಿ, ಉಂಡೆ ಮಾಡಿ, ಅದರೊಳಗೆ ತುರುಕುತ್ತಾಳೆ. ಕಸಕ್ಕೆ ಎಸೆಯುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬೈಕಿನಲ್ಲಿ ಕೂದಲಿನವನು ಬರುತ್ತಾನೆ. ಕವರನ್ನು ಕೊಟ್ಟರೆ ಒಂದು ಸ್ಟೀಲ್ ಬಟ್ಟಲೋ, ಒಂದಷ್ಟು ಪಿನ್ನೋ ಕೊಟ್ಟು ಹೋಗುತ್ತಾನೆ. ಹೀಗೆ ಊರೂರು ತಿರುಗಿ ಕೂಡಿಸಿದ ಕೂದಲಿನ ಸಿಕ್ಕು ಬಿಡಿಸಿ, ಉದ್ದದ ಲೆಕ್ಕದಲ್ಲಿ ವಿಂಗಡಿಸಿ, ವಿಗ್ ಮಾಡುವವರಿಗೆ ಕಳಿಸುವ ಕಸುಬು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ದೊಡ್ಡ ಉದ್ಯಮವಾಗಿಯೇ ಬೆಳೆದಿದೆ.

ಶಿವರಾತ್ರಿ ಕಳೆದ ಮೇಲೆ ಬಂದವನು ಅವ್ವನ ಕವರನ್ನು ಜಗಲಿಯ ಮೇಲೆ ಸುರಿದುಕೊಂಡ. ಒಂದು ಉಂಡೆಯನ್ನು ಬಿಡಿಸಿ ನೋಡಿ ಪಕ್ಕಕ್ಕಿಟ್ಟ. ಇನ್ನೊಂದನ್ನೂ ಇಟ್ಟ.

"ಇದೇನವ್ವ, ಎಲ್ಲಾ ಚೂರು ಚೂರು? ಉದ್ದ ಇದ್ರೆ ತಾನೆ ರೇಟು."

"ನಮ್ ಮೊಮ್ಮಗ್ಳುದು ಕಣಪ್ಪ. ಪಾರ್ಲರ್‌ಗೆ ಹೋಗಿ ಎಳ್ಸ್ಕೊಂಡ್ ಬಂದವ್ಳೆ," ಎಂದಳು ಅವ್ವ.

ಮೊಮ್ಮಗಳು ಎಂದರೆ ನನ್ನ ಅಕ್ಕನ ಮಗಳು. ಹುಟ್ಟಿನಿಂದ ಗುಂಗುರು ಕೂದಲು. ಮೇ ತಿಂಗಳಿಗೆ ಮದುವೆ ಗೊತ್ತಾಗಿತ್ತು. ಡಿಸೆಂಬರಿನಲ್ಲೇ ಬೆಂಗಳೂರಿನಲ್ಲಿ ಸ್ಟ್ರೈಟ್ನಿಂಗ್ ಮಾಡಿಸಿಕೊಂಡಿದ್ದಳು. ಆದರೂ ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಐರನ್ ಮಾಡಿಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. "ನೇರ ಆಗಿದೆಯಲ್ಲೇ, ಮತ್ಯಾಕೆ ಕಾಯಿಸ್ತೀಯ?" ಎಂದರೆ, "ಫಿನಿಶಿಂಗ್ ಬರ್ಬೇಕು ಚಿಕ್ಕಮ್ಮ" ಎನ್ನುತ್ತಿದ್ದಳು. ಆ ಫಿನಿಶಿಂಗಿನ ಲೆಕ್ಕವನ್ನು ಕೂದಲಿನವನು ಜಗಲಿಯ ಮೇಲೆ ಹರಡಿಟ್ಟಿದ್ದ.

ಉದುರಿದ್ದೋ, ಮುರಿದದ್ದೋ

ಅವನು ಪಕ್ಕಕ್ಕಿಟ್ಟ ಉಂಡೆಯಿಂದ ಒಂದೆಳೆ ತೆಗೆದು ಬಿಳಿ ಕಾಗದದ ಮೇಲಿಟ್ಟು ನೋಡಿದೆ. ಬೆರಳುದ್ದ. ಎರಡೂ ತುದಿಯಲ್ಲಿ ಗಂಟಿಲ್ಲ, ಒಂದು ತುದಿ ಕವಲೊಡೆದಿತ್ತು. ಅವ್ವನ ಉಂಡೆಯಿಂದ ತೆಗೆದ ಎಳೆ ಮೊಳದುದ್ದ. ಅದರ ಬುಡದಲ್ಲಿ ಸಾಸಿವೆಗಿಂತ ಸಣ್ಣದಾದ ಬಿಳಿ ಗಂಟು.

ಬುಡದಲ್ಲಿ ಗಂಟಿದ್ದರೆ ಆ ಕೂದಲು ತನ್ನ ಆಯಸ್ಸು ಮುಗಿಸಿ ಬೇರಿನಿಂದ ಬಂದದ್ದು. ದಿನಕ್ಕೆ ಐವತ್ತರಿಂದ ನೂರು ಎಳೆ ಹೀಗೆ ಉದುರುವುದು ಯಾರ ತಲೆಯಲ್ಲಾದರೂ ಸಹಜ, ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಗಂಟಿಲ್ಲದ ತುಂಡು ಮಾತ್ರ ನಡುವೆ ಮುರಿದದ್ದು. "ತುಂಬ ಉದುರ್ತಿದೆ" ಎಂದು ಎಣ್ಣೆ, ಮಾತ್ರೆ, ಈರುಳ್ಳಿ ರಸ ಎಂದೆಲ್ಲ ಬುಡಕ್ಕೆ ಉಪಚಾರ ಮಾಡುವ ಎಷ್ಟೋ ಹೆಣ್ಣುಮಕ್ಕಳ ತೊಂದರೆ ಇರುವುದು ಬುಡದಲ್ಲಲ್ಲ, ಎಳೆಯಲ್ಲಿ. ಎಳೆಗೆ ಜೀವವಿಲ್ಲ. ಚರ್ಮದಿಂದ ಹೊರಬಂದ ಮೇಲೆ ಅದಕ್ಕೆ ರಕ್ತವಿಲ್ಲ, ನರವಿಲ್ಲ, ಗಾಯ ಮಾಯುವ ಶಕ್ತಿಯಿಲ್ಲ. ಹಾಳಾದ ಕೂದಲನ್ನು "ರಿಪೇರಿ" ಮಾಡುತ್ತೇವೆ ಎನ್ನುವ ಬಾಟಲಿಗಳು ಹೆಚ್ಚೆಂದರೆ ತೇಪೆ ಹಾಕುತ್ತವೆ. ನಮ್ಮ ಕೈಯಲ್ಲಿರುವುದು ವಾಸಿ ಮಾಡುವ ಕೆಲಸವಲ್ಲ, ಉಳಿತಾಯದ ಕೆಲಸ.

ಒಳಗಿನ ಬೆಸುಗೆ

ಒಂದು ಕೂದಲಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಮನೆ ಕಟ್ಟಿದ ಹಾಗಿದೆ ಅದರ ರಚನೆ. ಹೊರಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ಆರರಿಂದ ಹತ್ತು ಪದರ, ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ಹುರಿ. ಹೆಂಚಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜಿಡ್ಡಿನ ಲೇಪ. ಮಳೆನೀರು ಜಾರಿಹೋಗುವುದು, ಬಾಚಣಿಗೆ ನುಣ್ಣಗೆ ಇಳಿಯುವುದು ಆ ಲೇಪದಿಂದ.

ಒಳಗಿನ ಹುರಿಯನ್ನು ಮುಖ್ಯವಾಗಿ ಎರಡು ಬಗೆಯ ಕಟ್ಟು ಹಿಡಿದಿಟ್ಟಿರುತ್ತವೆ. ಒಂದು ಜಲಜನಕದ ಕಟ್ಟು. ಇದು ಸಡಿಲ. ನೀರು ತಾಗಿದರೆ ಬಿಚ್ಚುತ್ತದೆ, ಒಣಗಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಐರನ್ ಮಾಡಿದ ಗುಂಗುರು ಕೂದಲು ಒಂದು ಸೋನೆಗೆ ಮತ್ತೆ ಸುರುಳಿಯಾಗುವುದು ಈ ಕಾರಣಕ್ಕೆ. ಇನ್ನೊಂದು ಗಂಧಕದ ಬೆಸುಗೆ, ಡೈಸಲ್ಫೈಡ್ ಬಂಧ. ಇದು ಗಟ್ಟಿ. ಸುರುಳಿಯ ಆಕಾರಕ್ಕೂ ಕೂದಲಿನ ಬಲಕ್ಕೂ ಆಧಾರ ಇದೇ.

ಪಾರ್ಲರಿನಲ್ಲಿ ಸ್ಟ್ರೈಟ್ನಿಂಗ್, ರೀಬಾಂಡಿಂಗ್ ಎಂದು ಮಾಡುವುದು ಈ ಬೆಸುಗೆಯನ್ನು ಬಿಡಿಸುವ ಕೆಲಸ. ಮೊದಲ ಕ್ರೀಮು, ಆ ಮೂಗಿಗೆ ಹೊಡೆಯುವ ವಾಸನೆಯದು, ಸಾಮಾನ್ಯವಾಗಿ ಥಯೋಗ್ಲೈಕೊಲೇಟ್. ಕ್ಷಾರದ ಗುಣದ ಅದು ಹೆಂಚುಗಳನ್ನು ಎಬ್ಬಿಸಿ ಒಳಗಿಳಿದು ಬೆಸುಗೆ ಬಿಚ್ಚುತ್ತದೆ. ತೊಳೆದು, ಒಣಗಿಸಿ, ಐರನ್ ಮಾಡಿ ಎಳೆಯನ್ನು ನೇರಕ್ಕೆ ಕೂರಿಸುತ್ತಾರೆ. ಆಮೇಲೆ ನ್ಯೂಟ್ರಲೈಸರ್ ಹಚ್ಚಿ ಹೊಸ ಆಕಾರದಲ್ಲಿ ಬೆಸುಗೆ ಹಾಕುತ್ತಾರೆ. ಬಿಚ್ಚಿದ್ದೆಲ್ಲ ಮರಳಿ ಕೂಡುವುದಿಲ್ಲ. ಹೊರಗಿನ ಜಿಡ್ಡಿನ ಲೇಪವೂ ಹೋಗುತ್ತದೆ. ಅಮೆರಿಕದ ಕಪ್ಪು ಹೆಣ್ಣುಮಕ್ಕಳು ತಲೆಮಾರುಗಳಿಂದ ಬಳಸುತ್ತಾ ಬಂದ 'ರಿಲ್ಯಾಕ್ಸರ್'ಗಳಲ್ಲಿ ಕಾಸ್ಟಿಕ್ ಸೋಡಾದಂಥ ಇನ್ನೂ ಪ್ರಬಲ ಕ್ಷಾರ ಇರುವುದುಂಟು. ಅದು ಬೆಸುಗೆಯ ಎರಡು ಗಂಧಕದಲ್ಲಿ ಒಂದನ್ನು ಹೊರಗೇ ಹಾಕಿಬಿಡುತ್ತದೆ, ಮತ್ತೆ ಹಳೆಯ ಬೆಸುಗೆಗೆ ದಾರಿಯಿಲ್ಲ. ಒಂದು ಬಗೆಯದನ್ನು ಮಾಡಿಸಿದ ಕೂದಲಿನ ಮೇಲೆ ಇನ್ನೊಂದು ಬಗೆಯದನ್ನು ಹಚ್ಚಿದರೆ ಎಳೆ ಕೈಗೇ ಬಂದುಬಿಡಬಹುದು. ಹಿಂದೆ ಏನು ಹಚ್ಚಿಸಿಕೊಂಡಿದ್ದೆವು ಎಂಬುದರ ಹೆಸರನ್ನು ಬರೆದಿಟ್ಟುಕೊಳ್ಳಿ ಎನ್ನುವುದು ಅದಕ್ಕೆ.

ಅಂದರೆ ಸ್ಟ್ರೈಟ್ನಿಂಗ್ ಆದ ಕೂದಲು ಕಂಬ ಅಲ್ಲಾಡಿ, ಹೆಂಚು ಸರಿದ ಮನೆ. ಅದರ ಮೇಲೆ ನಾವು ದಿನಾ ಬೆಂಕಿ ಇಡುತ್ತೇವೆ.

ಆಲೆಮನೆಯ ಲೆಕ್ಕ

ಎಷ್ಟು ಬೆಂಕಿ ಎಂದು ಕೇಳಿದರೆ ಕೊಪ್ಪದವರಿಗೆ ಆಲೆಮನೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ಮಡ್ಡಿ ತೆಗೆದು, ಪಾಕ ಗಟ್ಟಿಯಾಗುತ್ತಾ ಬಂದು ಬೆಲ್ಲ ಅಚ್ಚಿಗೆ ಹೊಯ್ಯುವ ಹದಕ್ಕೆ ಬಂದಾಗ ಅದರ ಬಿಸಿ ಸುಮಾರು 115ರಿಂದ 118 ಡಿಗ್ರಿ ಸೆಲ್ಸಿಯಸ್. ಆ ಕೊಪ್ಪರಿಗೆಯ ಹತ್ತಿರ ಮಕ್ಕಳನ್ನು ಯಾರೂ ಬಿಡುವುದಿಲ್ಲ. ನನ್ನ ಅಕ್ಕನ ಮಗಳ ಸ್ಟ್ರೈಟ್ನರಿನ ತುದಿಯಲ್ಲಿದ್ದ ಅಂಕಿ 230.

ಮಾಮೂಲಿ ಒಣ ಕೂದಲಿನ ಪ್ರೋಟೀನೇ ಸುಮಾರು 200 ಡಿಗ್ರಿ ದಾಟಿದ ಮೇಲೆ ಕೆಡುತ್ತಾ ಹೋಗುತ್ತದೆ. ಮೊಟ್ಟೆ ಬೆಂದು ಗಟ್ಟಿಯಾದ ಮೇಲೆ ಮತ್ತೆ ಹಸಿಯಾಗುವುದುಂಟೆ, ಇದೂ ಹಾಗೆ. ಬೆಸುಗೆ ಸಡಿಲಿಸಿಕೊಂಡ ಕೂದಲು ಅಷ್ಟು ಬಿಸಿಯನ್ನೂ ತಾಳುವುದಿಲ್ಲ. ಹಾಗಾಗಿ ಸ್ಟ್ರೈಟ್ನಿಂಗ್ ಆದವರು 150ರಿಂದ 170ರ ಒಳಗೇ ಇರುವುದು ಕ್ಷೇಮ, 180 ಕೊನೆಯ ಗಡಿ. ಬಣ್ಣವನ್ನೂ ಹಾಕಿಸಿದ್ದರೆ, ಎಳೆ ತೀರ ತೆಳುವಾಗಿದ್ದರೆ 150ಕ್ಕೇ ನಿಲ್ಲಬೇಕು. ಒಮ್ಮೆ ನೇರ ಮಾಡಿಸಿದ ಕೂದಲಿಗೆ ಸುರುಳಿ ಬಿಡಿಸುವ ಕೆಲಸವೇ ಇಲ್ಲ, ಮಲಗಿ ಎದ್ದ ಮಡಿಕೆ ಹೋದರಾಯಿತು. ಅದಕ್ಕೆ 230 ಯಾಕೆ?

ಅಗ್ಗದ ಸ್ಟ್ರೈಟ್ನರುಗಳಲ್ಲಿ ಅಂಕಿಯೇ ಇರುವುದಿಲ್ಲ, ಕೆಂಪು ದೀಪ ಹತ್ತಿದರೆ ಬಿಸಿಯಾಯಿತು ಎಂದು ಅರ್ಥ. ಅಂಥದ್ದಕ್ಕೆ ಹಳೆಯ ಪರೀಕ್ಷೆಯೊಂದಿದೆ. 1872ರಲ್ಲಿ ಪ್ಯಾರಿಸಿನ ಮಾರ್ಸೆಲ್ ಗ್ರಾಟೋ ಬಿಸಿ ಇಕ್ಕಳದಿಂದ ಕೂದಲಿಗೆ ಅಲೆ ಕೂರಿಸುವ ವಿದ್ಯೆ ಶುರು ಮಾಡಿದ. ಬೆಂಕಿಯಲ್ಲಿ ಕಾಯಿಸುವ ಅಂಥ ಇಕ್ಕಳಗಳನ್ನು ಕ್ಷೌರಿಕರು ಮೊದಲು ಬಿಳಿ ಕಾಗದಕ್ಕೆ ಹಿಡಿದು ನೋಡುತ್ತಿದ್ದರು. ಕಾಗದ ಕಂದಿದರೆ ತಲೆಗೆ ತರುತ್ತಿರಲಿಲ್ಲ. ಇವತ್ತಿಗೂ ಟಿಶ್ಯೂ ಕಾಗದವನ್ನು ಸ್ಟ್ರೈಟ್ನರಿನ ಬಾಯಲ್ಲಿ ಐದು ಸೆಕೆಂಡು ಹಿಡಿದರೆ ಸಾಕು. ಬಣ್ಣ ತಿರುಗಿದರೆ ವೈರು ಕಿತ್ತು ಆರಲು ಬಿಡಿ.

ಆಲೆಮನೆಯಲ್ಲಿ ಪಾಕ ನೋಡುವವರು ಬಲ್ಲ ಇನ್ನೊಂದು ಗುಟ್ಟೂ ಇಲ್ಲಿಗೆ ಸಲ್ಲುತ್ತದೆ. ಪಾಕ ಪೂರಾ ಬರುವ ತನಕ ಅವರು ಒಲೆ ಉರಿಸುವುದಿಲ್ಲ. ಚೂರು ಮುಂಚೆಯೇ ಉರಿ ಎಳೆಯುತ್ತಾರೆ, ಕೊಪ್ಪರಿಗೆಯ ಕಾವೇ ಉಳಿದದ್ದನ್ನು ಮುಗಿಸುತ್ತದೆ. ಕೂದಲಿನಲ್ಲೂ ಅಷ್ಟೆ. ತೆಳು ಪದರ ತೆಗೆದುಕೊಂಡು, ನಿಲ್ಲಿಸದೆ, ಬುಡದಿಂದ ತುದಿಗೆ ಒಂದೇ ಸಲ ನಿಧಾನವಾಗಿ ಎಳೆಯಬೇಕು. ದಪ್ಪ ಪದರ ಹಿಡಿದು ಐದು ಸಲ ಎಳೆದರೆ ಹೊರಗಿನ ಎಳೆ ಸೀಯುತ್ತದೆ, ಒಳಗಿನದು ಹಾಗೇ ಇರುತ್ತದೆ.

ಬಟ್ಟೆಗೆ ನೀರು, ಕೂದಲಿಗೆ ಬೇಡ

ಬಟ್ಟೆಗೆ ಇಸ್ತ್ರಿ ಮಾಡುವವರು ಮೊದಲು ನೀರು ಚಿಮುಕಿಸುತ್ತಾರೆ. ಕಾಲೇಜಿನ ದಿನಗಳಲ್ಲಿ ಹಾಸ್ಟೆಲಿನ ಮೇಜಿನ ಮೇಲೆ ತಲೆ ವಾಲಿಸಿ, ಕೂದಲ ಮೇಲೆ ಟವೆಲ್ ಹಾಕಿ, ಬಟ್ಟೆಯ ಇಸ್ತ್ರಿ ಪೆಟ್ಟಿಗೆಯನ್ನೇ ಎಳೆಸಿಕೊಂಡವಳು ನಾನು. ಗೆಳತಿ ನೀರನ್ನೂ ಚಿಮುಕಿಸಿದ್ದಳು. ಚುರ್ ಎಂದದ್ದು ಇನ್ನೂ ಕಿವಿಯಲ್ಲಿದೆ. ವಾರದೊಳಗೆ ಹಣೆಯ ಮುಂದೆ ಎರಡು ಅಂಗುಲದ ಮೋಟು ಕೂದಲು ಎದ್ದು ನಿಂತಿತ್ತು.

ಆ ಚುರ್ ಸದ್ದು ಏನೆಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಒದ್ದೆ ಕೂದಲಿನ ಒಳಗೂ ನೀರಿರುತ್ತದೆ. ಬಿಸಿ ಲೋಹ ತಾಗಿದ ಕ್ಷಣ ಅದು ಆವಿಯಾಗಿ, ಹೊರಹೋಗಲು ದಾರಿ ಸಾಲದೆ, ಎಳೆಯ ಒಳಗೇ ಗುಳ್ಳೆ ಎಬ್ಬಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಕಾಣುತ್ತದೆ. ಚರ್ಮವೈದ್ಯರು ಇದಕ್ಕೆ 'ಬಬಲ್ ಹೇರ್' ಎಂದೇ ಹೆಸರಿಟ್ಟಿದ್ದಾರೆ. ಗುಳ್ಳೆ ಎದ್ದ ಕಡೆ ಕೂದಲು ಪುಟಕ್ಕನೆ ಮುರಿಯುತ್ತದೆ. ಸ್ಟ್ರೈಟ್ನಿಂಗ್ ಆದ ಕೂದಲು ಜಿಡ್ಡಿನ ಲೇಪ ಕಳೆದುಕೊಂಡು ನೀರನ್ನು ಹೆಚ್ಚು ಹೀರುತ್ತದೆ, ಒಣಗಲು ಹೆಚ್ಚು ಹೊತ್ತು ಬೇಕು. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿ ಇರುತ್ತದೆ.

ಹಾಗಾದರೆ ಡ್ರೈಯರ್ ಬೇಡವೆ? ಕೊರಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಕುತೂಹಲದ್ದು. ಒಂದೇ ಬಗೆಯ ಕೂದಲ ಗೊಂಚಲುಗಳನ್ನು ಮತ್ತೆ ಮತ್ತೆ ತೊಳೆದು, ಕೆಲವನ್ನು ಗಾಳಿಗೆ ಬಿಟ್ಟು, ಉಳಿದವನ್ನು ಬೇರೆ ಬೇರೆ ದೂರದಿಂದ ಡ್ರೈಯರ್ ಹಿಡಿದು ಒಣಗಿಸಿದರು. 5 ಸೆಂಟಿಮೀಟರ್ ದೂರದಲ್ಲಿ ಬಿಸಿ 95 ಡಿಗ್ರಿ ಮುಟ್ಟಿತು, 15 ಸೆಂಟಿಮೀಟರ್‌ನಲ್ಲಿ 47 ಡಿಗ್ರಿ. ಹತ್ತಿರ ಹಿಡಿದಷ್ಟೂ ಮೇಲ್ಪದರ ಕೆಟ್ಟಿತು, ಅದು ನಿರೀಕ್ಷಿಸಿದ್ದೇ. ಗಾಳಿಗೆ ಒಣಗಿದ ಕೂದಲಿನಲ್ಲಿ ಮಾತ್ರ ಪದರಗಳ ನಡುವಿನ ಅಂಟು ಊದಿ ಕೆಟ್ಟಿತ್ತು. ಬಹಳ ಹೊತ್ತು ನೀರಿನಲ್ಲಿ ನೆನೆದಿರುವುದೂ ಒಂದು ಪೆಟ್ಟೇ ಎಂದಾಯಿತು. ಗೇಣು ಅಳತೆಗೆ ಕೊಂಚ ಕಡಿಮೆ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಒಣಗಿಸುವುದು ಎರಡಕ್ಕೂ ನಡುವಿನ ದಾರಿ.

ಬೆಳಗಿನ ಬಸ್ಸಿಗೆ ಮದ್ದೂರಿಗೆ ಓಡುವ ಹುಡುಗಿಯರು ಒದ್ದೆ ಕೂದಲನ್ನೇ ಬಿಗಿಯಾಗಿ ಕ್ಲಿಪ್ ಹಾಕಿ ಹತ್ತುವುದನ್ನು ನೋಡುತ್ತೇನೆ. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗುತ್ತದೆ, ಬೇಗ ಮುರಿಯುತ್ತದೆ. ತಲೆಸ್ನಾನವನ್ನು ಹಿಂದಿನ ಸಂಜೆಗೆ ಹಾಕಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಎಣ್ಣೆ ಯಾವಾಗ?

"ಐರನ್ ಮಾಡೋಕೆ ಮುಂಚೆ ಒಂದ್ ಚೂರ್ ಕೊಬ್ಬರಿ ಎಣ್ಣೆ ಸವರ್ಕೊ, ಸುಡಲ್ಲ" ಎಂದು ಅಕ್ಕ ಮಗಳಿಗೆ ಹೇಳಿದ್ದಳು. ನಮ್ಮಲ್ಲಿ ಎಲ್ಲ ತಾಯಂದಿರೂ ಹೇಳುವ ಮಾತು. ಎಣ್ಣೆ ಒಳ್ಳೆಯದೇ, ಹೊತ್ತು ಮಾತ್ರ ತಪ್ಪು.

2003ರಲ್ಲಿ ಮುಂಬೈಯ ಇಬ್ಬರು ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಪೆಟ್ರೋಲಿಯಂನಿಂದ ಬರುವ ಮಿನರಲ್ ಎಣ್ಣೆಗಳನ್ನು ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲ ಸಣ್ಣ, ನೇರ ಅಣು. ಎಳೆಯ ಒಳಗೇ ಇಳಿಯುತ್ತದೆ, ನೀರು ಕುಡಿದು ಊದುವುದನ್ನು ತಡೆಯುತ್ತದೆ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ಅವ್ವಂದಿರ ಪದ್ಧತಿ ಸರಿಯೇ ಇತ್ತು. ಐರನ್‌ಗೆ ಮುಂಚೆ ಹಚ್ಚಿದರೆ ಆಗುವುದೇ ಬೇರೆ. ಗಾಣದ ಕೊಬ್ಬರಿ ಎಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡುತ್ತದೆ. ಬಾಣಲೆಯಲ್ಲಿ ಒಗ್ಗರಣೆ ಸೀದ ಹಾಗೆ ತಲೆಯಲ್ಲೇ ಸೀಯುತ್ತದೆ.

ಐರನ್‌ಗೆ ಮುಂಚೆ ಬೇಕಾದದ್ದು ಹೀಟ್ ಪ್ರೊಟೆಕ್ಟೆಂಟ್ ಎಂದು ಮಾರುವ ಸೀರಮ್ಮೋ ಸ್ಪ್ರೇಯೋ. ಬಾಟಲಿಯ ಹಿಂದೆ ಡೈಮೆಥಿಕೋನ್, ಪಾಲಿಕ್ವಾಟರ್ನಿಯಂ ಇಂಥ ಹೆಸರುಗಳಿರುತ್ತವೆ. ಇವು ಎಳೆಯ ಮೇಲೆ ತೆಳು ಪೊರೆ ಕಟ್ಟಿ ಬಿಸಿಯನ್ನು ನಿಧಾನವಾಗಿ, ಸಮನಾಗಿ ಒಳಗೆ ಬಿಡುತ್ತವೆ, ಲೋಹದ ಉಜ್ಜಾಟ ಕಡಿಮೆ ಮಾಡುತ್ತವೆ. ಪೂರ್ತಿ ತಡೆಯುವುದಿಲ್ಲ. ಬಿಸಿ ಪಾತ್ರೆ ಇಳಿಸಲು ಹಿಡಿಯುವ ಮಸಿಬಟ್ಟೆ ಇದ್ದ ಹಾಗೆ, ಒಲೆಯೊಳಗೆ ಕೈ ಇಡಲು ಅದು ಸಾಲದು. ಸ್ಪ್ರೇ ಮಾಡಿದರೆ ಅದು ಪೂರ್ತಿ ಒಣಗಿದ ಮೇಲೇ ಐರನ್ ಹಿಡಿಯಬೇಕು.

ತೊಳೆಯುವ ನೀರಿನದೂ ಒಂದು ಮಾತಿದೆ. ಕೊಳವೆಬಾವಿ ನೀರು ಗಡಸಾಗಿದ್ದರೆ ಹಂಡೆಯ ಒಳಗೆ ಬಿಳಿ ಪಕ್ಕು ಕಟ್ಟುತ್ತದಲ್ಲ, ಅದೇ ಸುಣ್ಣ ಕೂದಲಿಗೂ ಕೂರುತ್ತದೆ, ಒರಟಾಗಿಸುತ್ತದೆ. ಕೊನೆಯ ಒಂದೆರಡು ಚೊಂಬನ್ನು ಮಳೆನೀರಿನಲ್ಲೋ, ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಿಂದಲೋ ಹಾಕಿಕೊಂಡರೆ ಆ ಒರಟು ಇಳಿಯುತ್ತದೆ. ಸೀಗೆ, ಚಿಗರೆಪುಡಿ ಬಳಸುವವರು ಪುಡಿಯನ್ನೇ ತಿಕ್ಕಬಾರದು, ಸೂಕ್ಷ್ಮವಾದ ಎಳೆಗೆ ಅದು ಮರಳು ಕಾಗದ. ಕುದಿಸಿ, ಸೋಸಿ, ನೀರು ಮಾತ್ರ ಬಳಸುವುದು ಲೇಸು.

ಮದುವೆಯ ನಾಲ್ಕು ತಲೆಕಟ್ಟು

ಇಷ್ಟೆಲ್ಲ ಹೇಳಿದ ಮೇಲೆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಮದ್ವೆಗೆ ಏನ್ ಮಾಡ್ಲಿ ಚಿಕ್ಕಮ್ಮ?"

ಮಂಡ್ಯದ ಕಡೆ ಮದುವೆ ಒಂದು ದಿನದ್ದಲ್ಲ. ಚಪ್ಪರ, ರಿಸೆಪ್ಶನ್, ಧಾರೆ, ಬೀಗರೂಟ. ಮೇಕಪ್ಪಿನವರ ಪಟ್ಟಿಯಲ್ಲಿ ನಾಲ್ಕಕ್ಕೂ ಬೇರೆ ಬೇರೆ ಹೇರ್‌ಸ್ಟೈಲ್, ನಾಲ್ಕಕ್ಕೂ ಬಿಸಿ. ಕೂತು ಲೆಕ್ಕ ಹಾಕಿದೆವು, ನಾಲ್ಕನ್ನು ಒಂದಕ್ಕೆ ಇಳಿಸಿದೆವು. ಚಪ್ಪರದ ದಿನ ಅರಿಶಿನ ಎಣ್ಣೆಯ ಶಾಸ್ತ್ರ ಹೇಗೂ ಇರುತ್ತದೆ, ಎಣ್ಣೆ ಹಾಕಿ ಸಡಿಲ ಜಡೆ. ಬಿಸಿ ಏನಿದ್ದರೂ ರಿಸೆಪ್ಶನ್ನಿನ ಸುರುಳಿಗೆ ಮಾತ್ರ. 160 ಡಿಗ್ರಿ, ಎಳೆಗೆ ಒಂದೇ ಸಲ, ಹೇರ್ ಸ್ಪ್ರೇ ಸುರುಳಿ ಮಾಡಿದ ಮೇಲೇ ಹೊರತು ಮುಂಚೆ ಅಲ್ಲ. ಸ್ಪ್ರೇ ಅಂಟಿದ ಕೂದಲಿನ ಮೇಲೆ ಬಿಸಿ ಲೋಹ ಎಳೆದರೆ ಅದು ಅಂಟಿಕೊಂಡೇ ಕೀಳುತ್ತದೆ. ಧಾರೆಗೆ ಮೊಗ್ಗಿನ ಜಡೆ, ಅದಕ್ಕೆ ಬಿಸಿಯೇ ಬೇಡ. ರಾತ್ರಿಯ ಸುರುಳಿ ಉಳಿದಿದ್ದರೆ ಜಡೆ ಇನ್ನೂ ತುಂಬಿ ಕಾಣುತ್ತದೆ. ಬೀಗರೂಟಕ್ಕೆ ತುರುಬು ಕಟ್ಟಿ ಒಂದು ಮೊಳ ಹೂವು.

ರಿಸೆಪ್ಶನ್ ಸಂಜೆ ಮೇಕಪ್ಪಿನ ಹುಡುಗಿ ಅಭ್ಯಾಸಬಲದಿಂದ 210ಕ್ಕೆ ತಿರುಗಿಸಿದಳು. "160 ಸಾಕಮ್ಮ" ಎಂದೆ. "ನಿಲ್ಲಲ್ಲ ಮೇಡಂ" ಎಂದಳು. "ನಿಲ್ಲದಿದ್ದರೆ ಪಿನ್ ಹಾಕು." ಪಿನ್ ಹಾಕಿ ಆರಲು ಬಿಟ್ಟಳು. ನಿಂತಿತು. ಬಿಸಿಯಲ್ಲಿ ಬಿಚ್ಚಿದ ಜಲಜನಕದ ಕಟ್ಟು ಕೂಡುವುದು ಆರುವಾಗ. ಸುರುಳಿಯನ್ನು ಪಿನ್ನಿನಲ್ಲೇ ಆರಿಸಿದರೆ ಕಡಿಮೆ ಬಿಸಿಗೂ ಅದು ಕೂರುತ್ತದೆ.

ಹೊಗೆಯ ಮಾತು

ಸ್ಟ್ರೈಟ್ನಿಂಗ್ ಹಳೆಯದಾಗಿ, ಬುಡದಲ್ಲಿ ಗುಂಗುರು ಇಣುಕಿದಾಗ "ಕೆರಾಟಿನ್ ಮಾಡ್ಸಿ, ಡ್ಯಾಮೇಜ್ ಸರಿಹೋಗುತ್ತೆ" ಎನ್ನುವವರಿರುತ್ತಾರೆ. ಕೆಲವು ಕೆರಾಟಿನ್ ದ್ರಾವಣಗಳು ಐರನ್ನಿನ ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕ ಎಂದೇ ಪಟ್ಟಿ ಮಾಡಿದೆ. ಫಾರ್ಮಾಲ್ಡಿಹೈಡ್ ಇಲ್ಲ ಎಂದು ಮಾರುವ ಕೆಲವು ಉತ್ಪನ್ನಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಮೂರು ಸಲ ಅದರಿಂದ ಸ್ಟ್ರೈಟ್ನಿಂಗ್ ಮಾಡಿಸಿಕೊಂಡು ಮೂರೂ ಸಲ ಕಿಡ್ನಿಗೆ ಪೆಟ್ಟು ತಿಂದ ಯುವತಿಯ ವಿಷಯವನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದರು. ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಹಿಂಬಾಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟ್ರೈಟ್ನರ್ ರಾಸಾಯನಿಕಗಳನ್ನು ಪದೇಪದೇ ಬಳಸುವವರಿಗೆ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ 4.05, ಎಂದೂ ಬಳಸದವರಿಗೆ ಶೇ 1.64 ಎಂಬ ಅಂದಾಜು ಬಂತು. ಇದು ನಂಟು, ಇದೇ ಕಾರಣ ಎಂಬ ಸಾಬೀತಲ್ಲ. ಕಣ್ಣುರಿಯುವ ಹೊಗೆ ಎದ್ದರೆ ಕುರ್ಚಿಯಿಂದ ಏಳಲು ಮಾತ್ರ ಸಾಬೀತಿಗೆ ಕಾಯಬೇಕಿಲ್ಲ.

ಟಚಪ್ ಮಾಡಿಸಲೇಬೇಕೆಂದರೆ ಬುಡದ ಹೊಸ ಕೂದಲಿಗೆ ಮಾತ್ರ ಕ್ರೀಮು ತಾಗಬೇಕು. ಹಳೆಯದರ ಮೇಲೆ ಮತ್ತೊಮ್ಮೆ ಬಿದ್ದರೆ ಉಳಿದ ಬೆಸುಗೆಯೂ ಹೋಗುತ್ತದೆ.

ನಾಲೆಯ ಕೊನೆಭಾಗ

ಕೂದಲು ಬೆಳೆಯುವುದು ತಿಂಗಳಿಗೆ ಒಂದು, ಒಂದೂಕಾಲು ಸೆಂಟಿಮೀಟರ್. ಸೊಂಟ ಮುಟ್ಟುವ ಜಡೆಯ ತುದಿಗೆ ನಾಲ್ಕೈದು ವರ್ಷ ವಯಸ್ಸು. ನೆತ್ತಿಯ ಜಿಡ್ಡು ಬುಡದಿಂದ ಇಳಿದು ಅಲ್ಲಿಗೆ ತಲುಪುವುದೇ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೆಭಾಗಕ್ಕೆ ಬರುವುದಿಲ್ಲವೆಂಬ ದೂರು ನಮಗೆ ಹೊಸದಲ್ಲ. ತುದಿಗೂದಲಿನದೂ ಅದೇ ಪಾಡು. ಬಂದದ್ದು ಕಡಿಮೆ, ತಿಂದ ಪೆಟ್ಟು ಹೆಚ್ಚು. ಐರನ್ ಹಿಡಿದಾಗ ತುದಿಯ ಮೂರು ಬೆರಳನ್ನು ಬಿಟ್ಟುಬಿಡಿ, ಕಂಡೀಷನರ್ ಹಚ್ಚುವಾಗ ಅಲ್ಲಿಂದಲೇ ಶುರು ಮಾಡಿ. ಕವಲೊಡೆದದ್ದನ್ನು ಎರಡು ಮೂರು ತಿಂಗಳಿಗೊಮ್ಮೆ ಕತ್ತರಿಸದಿದ್ದರೆ ಸೀಳು ಮೇಲೇರುತ್ತದೆ.

ಮದುವೆಯಾದ ಮೇಲೆ ಹುಡುಗಿ ಮತ್ತೆ ಸ್ಟ್ರೈಟ್ನಿಂಗ್‌ಗೆ ಹೋಗಲಿಲ್ಲ. ನಮ್ಮ ಉಪದೇಶದಿಂದಲ್ಲ, ಪುರುಸೊತ್ತಿಲ್ಲದೆ. ಸ್ಟ್ರೈಟ್ನರ್ ವಾರಕ್ಕೊಮ್ಮೆಗೆ ಇಳಿದಿತ್ತು. ಸಂಕ್ರಾಂತಿಗೆ ಕೊಪ್ಪಕ್ಕೆ ಬಂದವಳ ತಲೆಯನ್ನು ಅವ್ವ ಜಗಲಿಯ ಮೇಲೆ ಕೂರಿಸಿಕೊಂಡು ಬಾಚಿದಳು. ಬುಡದಿಂದ ಅರ್ಧ ಗೇಣಿಗೂ ಮೀರಿ ಹಳೆಯ ಗುಂಗುರು, ಅಲ್ಲಿಂದ ಕೆಳಗೆ ಪಾರ್ಲರಿನ ನೇರ. ಗುಂಗುರು ಮುಗಿದು ನೇರ ಶುರುವಾಗುವ ಆ ಗಡಿಯೇ ತಲೆಯಲ್ಲಿ ಅತಿ ದುರ್ಬಲ ಜಾಗ. ಮುರಿಯುವುದಿದ್ದರೆ ಅಲ್ಲೇ ಮುರಿಯಬೇಕು. ಅವ್ವ ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಮೇಲಕ್ಕೆ, ಸಿಕ್ಕು ಬಿಡಿಸುತ್ತಾ ಬಂದಳು.

ಬಾಚಣಿಗೆಗೆ ಬಂದ ಒಂದೆಳೆಯನ್ನು ಅವಳು ಸುತ್ತುವ ಮುಂಚೆ ಇಸಿದುಕೊಂಡೆ. ಬಿಸಿಲಿಗೆ ಹಿಡಿದೆ. ಅರ್ಧ ಸುರುಳಿ, ಅರ್ಧ ನೇರ. ಬುಡದಲ್ಲಿ ಬಿಳಿ ಗಂಟು. ಗಡಿಯಲ್ಲಿ ಮುರಿದಿರಲಿಲ್ಲ.

"ಅದುನ್ನೇನ್ ನೋಡ್ತೀಯೆ, ಕೊಡಿಲ್ಲಿ," ಎಂದು ಅವ್ವ ಕಿತ್ತುಕೊಂಡು ಬೆರಳಿಗೆ ಸುತ್ತಿ, ಸೂರಿನ ಕವರಿಗೆ ತುರುಕಿದಳು.